ಮರಳುಗುಡ್ಡಗಳ ಚೆರ್ರಿ ಕೌಂಟಿ

ನೆಬ್ರಾಸ್ಕ ಎಂದ ಕೂಡಲೇ ಏನು ನೆನಪಾಗುತ್ತದೆ ಎಂದು ನಮ್ಮ ಶಾಲೆಯ ಯಾವ ಮಗುವನ್ನು ಕೇಳಿದರೂ ಮೊದಲ ಉತ್ತರ ಮೆಕ್ಕೆಜೋಳ, ಎರಡನೆಯದು ಫುಟ್‌ಬಾಲ್. ದೊಡ್ಡವರಾದ ನಮ್ಮ ಉತ್ತರವೂ ಇದಕ್ಕಿಂತ ಬಹಳ ಬೇರೆಯಲ್ಲ. ರಜೆ ಬಂತೆಂದರೆ ನಮ್ಮೆಲ್ಲರ ಕಾರುಗಳೂ ಕೊಲೊರಾಡೊ ಬೆಟ್ಟಗಳ ಕಡೆಗೋ ಶಿಕಾಗೊ ಕಡೆಗೋ ಮುಖ ಮಾಡುತ್ತವೆ. ಆದರೆ ಇದೇ ರಾಜ್ಯದಲ್ಲಿ, ಒಮಾಹಾದಿಂದ ಸುಮಾರು 300 ಮೈಲಿ ವಾಯವ್ಯಕ್ಕೆ, ಮೆಕ್ಕೆಜೋಳದ ಗದ್ದಲವೇ ಇಲ್ಲದ ಒಂದು ಕೌಂಟಿ ಇದೆ. ಅದರ ಹೆಸರು ಚೆರ್ರಿ. 2014ರ ಬೇಸಿಗೆಯಲ್ಲಿ ನಾವು ಎರಡು ಮನೆಯವರು ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಅಲ್ಲಿಗೆ ಹೋಗಿಬಂದೆವು. ಅಂದಿನಿಂದ ಆ ಊರಿನ ಲೆಕ್ಕಾಚಾರ ನಮ್ಮ ತಲೆಯಿಂದ ಇಳಿದೇ ಇಲ್ಲ.

ಲೆಕ್ಕಾಚಾರ ಎಂದೆವಲ್ಲ, ಮೊದಲು ಅದನ್ನೇ ನೋಡಿ. ಚೆರ್ರಿ ಕೌಂಟಿಯ ವಿಸ್ತೀರ್ಣ ಸುಮಾರು 6,000 ಚದರ ಮೈಲಿ, ಎಂದರೆ ಸುಮಾರು 15,500 ಚದರ ಕಿಲೋಮೀಟರ್. ಕನೆಕ್ಟಿಕಟ್ ಎಂಬ ಇಡೀ ರಾಜ್ಯಕ್ಕಿಂತ ದೊಡ್ಡದು. ನಮ್ಮ ಕರ್ನಾಟಕದ ಅತಿ ದೊಡ್ಡ ಜಿಲ್ಲೆಯಾದ ಬೆಳಗಾವಿಗಿಂತಲೂ ದೊಡ್ಡದು! ಬೆಳಗಾವಿ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ 47 ಲಕ್ಷಕ್ಕೂ ಹೆಚ್ಚು ಜನ. ಚೆರ್ರಿಯಲ್ಲಿ 2020ರ ಗಣತಿಯಲ್ಲಿ ಸಿಕ್ಕವರು 5,455 ಮಂದಿ. ಚದರ ಮೈಲಿಗೆ ಒಬ್ಬರೂ ಪೂರ್ತಿ ಬರುವುದಿಲ್ಲ. ಅವರಲ್ಲೂ 2,633 ಜನ ವ್ಯಾಲೆಂಟೈನ್ ಎಂಬ ಕೇಂದ್ರ ಪಟ್ಟಣದಲ್ಲೇ ಇದ್ದಾರೆ. ಉಳಿದವರನ್ನು ಹುಡುಕಬೇಕಾದರೆ ದುರ್ಬೀನು ಬೇಕು. ಕೌಂಟಿ ಎಷ್ಟು ಅಗಲ ಎಂದರೆ ಅದರೊಳಗೇ ಎರಡು ಗಡಿಯಾರ. ಪೂರ್ವ ಭಾಗಕ್ಕೆ ಒಂದು ಸಮಯ, ಪಶ್ಚಿಮಕ್ಕೆ ಒಂದು ಗಂಟೆ ಹಿಂದಿನ ಸಮಯ. ವ್ಯಾಲೆಂಟೈನ್‌ನಿಂದ 40 ಮೈಲಿ ದೂರದ ಕೋಡಿ ಎಂಬ ಹಳ್ಳಿಗೆ ಹತ್ತು ಗಂಟೆಗೆ ಹೊರಟವರು ಹತ್ತಕ್ಕೆ ಮುಂಚೆಯೇ ತಲುಪಿರುತ್ತಾರೆ. ಹಿಂದಿನ ಸೀಟಿನ ಮಕ್ಕಳಿಗೆ ಇದೊಂದೇ ಅರ್ಧ ದಿನದ ಮಾತಾಯಿತು.

ಹೆಸರಿನ ಕಥೆಯನ್ನು ಇಲ್ಲೇ ಮುಗಿಸಿಬಿಡೋಣ. ಅಲ್ಲಿ ಕಾಡುಚೆರ್ರಿ ಗಿಡಗಳೇನೋ ಇವೆ, ಆದರೆ ಕೌಂಟಿಗೆ ಹೆಸರು ಬಂದದ್ದು ಸ್ಯಾಮ್ಯುಯೆಲ್ ಚೆರ್ರಿ ಎಂಬ ಸೈನ್ಯಾಧಿಕಾರಿಯಿಂದ. ದರೋಡೆಕೋರರನ್ನು ಬೆನ್ನಟ್ಟಿ ಹೋದ ಆತ 1881ರಲ್ಲಿ ಹತನಾದ. ಎರಡು ವರ್ಷದ ನಂತರ, 1883ರಲ್ಲಿ, ಕೌಂಟಿ ರಚನೆಯಾಯಿತು. ವ್ಯಾಲೆಂಟೈನ್ ಎಂಬುದೂ ಪ್ರೇಮಿಗಳ ದಿನದಿಂದ ಬಂದದ್ದಲ್ಲ. ಅದು ಅಂದಿನ ಒಬ್ಬ ಕಾಂಗ್ರೆಸ್ ಸದಸ್ಯರ ಹೆಸರು. ಊರಿನವರು ಮಾತ್ರ ಅವಕಾಶ ಬಿಟ್ಟಿಲ್ಲ, ಕಾಲುದಾರಿಯ ಮೇಲೆಲ್ಲ ಕೆಂಪು ಹೃದಯದ ಚಿತ್ರ ಬಿಡಿಸಿದ್ದಾರೆ!

ಈಗ ಮರಳಿನ ವಿಷಯ. ಈ ಕೌಂಟಿ ಸ್ಯಾಂಡ್‌ಹಿಲ್ಸ್ ಎಂಬ ಪ್ರದೇಶದ ನಡುವೆ ಇದೆ. ನೋಡಲು ಹಸಿರು ಗುಡ್ಡಗಳು, ಅಲೆಯ ಮೇಲೆ ಅಲೆ. ಆದರೆ ಬೂಟಿನ ತುದಿಯಿಂದ ಹುಲ್ಲನ್ನು ಸ್ವಲ್ಪ ಕೆದಕಿದರೆ ಕೆಳಗೆ ಬರೀ ಮರಳು, ಉಡುಪಿಯ ಕಡಲ ದಂಡೆಯಲ್ಲಿ ಇರುವಂಥ ಮರಳು. ಗಾಳಿ ಗುಡ್ಡೆ ಹಾಕಿದ ದಿಬ್ಬಗಳಿವು, ಕೆಲವು 400 ಅಡಿಯವರೆಗೆ ಎತ್ತರ. ಸುಮಾರು ಸಾವಿರ ವರ್ಷಗಳ ಹಿಂದೆ ದೀರ್ಘ ಬರಗಾಲ ಬಂದಾಗ ಹುಲ್ಲು ಸತ್ತು ಈ ದಿಬ್ಬಗಳು ಮತ್ತೆ ಸರಿದಾಡಿದ್ದವಂತೆ. ಈಗ ಅವನ್ನು ಹಿಡಿದು ನಿಲ್ಲಿಸಿರುವುದು ಹುಲ್ಲಿನ ಬೇರು ಮಾತ್ರ. ನೇಗಿಲು ಹೂಡಿದರೆ ಆ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಗಾಳಿ ಅಲ್ಲಿ ಹಳ್ಳ ತೋಡುತ್ತದೆ. ಅದಕ್ಕೇ ಇಲ್ಲಿ ಹೊಲ ಅಪರೂಪ.

ಹಾಗೆಂದು ಇದು ರಾಜಸ್ಥಾನವಲ್ಲ. ವರ್ಷಕ್ಕೆ ಸುಮಾರು 20 ಅಂಗುಲ ಮಳೆ ಬೀಳುತ್ತದೆ, ಬಿದ್ದ ನೀರು ಹರಿದುಹೋಗದೆ ಮರಳಿನೊಳಗೆ ಇಳಿಯುತ್ತದೆ. ಕೆಳಗೆ ಒಗಲಾಲ ಎಂಬ ದೊಡ್ಡ ಅಂತರ್ಜಲ ಭಂಡಾರ. ಎರಡು ಗುಡ್ಡಗಳ ನಡುವೆ ತಗ್ಗಿದ್ದಲ್ಲಿ ಆ ನೀರೇ ಕೆರೆಯಾಗಿ ಮೇಲೆ ಕಾಣಿಸುತ್ತದೆ. ಉಳಿದ ಕಡೆ ಗಾಳಿಯಂತ್ರ ತಿರುಗುತ್ತಾ ದನಗಳ ತೊಟ್ಟಿಗೆ ನೀರೆತ್ತುತ್ತದೆ. ಆ ದುಂಡನೆಯ ತೊಟ್ಟಿಗಳಿಗೆ ಇನ್ನೊಂದು ಉಪಯೋಗವೂ ಇದೆ. ಅವನ್ನು ನಯೊಬ್ರಾರ ನದಿಗಿಳಿಸಿ, ಒಳಗೆ ಕುಳಿತು ತೇಲುತ್ತಾ ಹೋಗುತ್ತಾರೆ. ನಮ್ಮ ಹಂಪಿಯ ಹರಿಗೋಲೇ ಸರಿ, ಬಿದಿರಿನ ಬದಲು ತಗಡು, ಅಷ್ಟೇ. ಅಂಬಿಗ ಇರುವುದಿಲ್ಲ, ನದಿ ತಿರುಗಿಸಿದ ಕಡೆ ನಾವು ತಿರುಗಿದೆವು.

ಈ ಗುಡ್ಡಗಳು ಮೊದಲು ಲಕೋಟ, ಪಾನಿ ಮುಂತಾದ ಮೂಲನಿವಾಸಿ ಜನರ ಬೇಟೆಯ ನೆಲ. ಲಕೋಟ ಜನರನ್ನು ಉತ್ತರಕ್ಕೆ, ಇಂದಿನ ಸೌತ್ ಡಕೋಟದ ರೋಸ್‌ಬಡ್ ಮೀಸಲು ಪ್ರದೇಶಕ್ಕೆ ಸೇರಿಸಿ, ಅವರ ಮೇಲೆ ಕಣ್ಣಿಡಲೆಂದು ಸರ್ಕಾರ 1880ರಲ್ಲಿ ನಯೊಬ್ರಾರ ಕೋಟೆ ಕಟ್ಟಿತು. ಸೈನ್ಯ ಹೋದ ಮೇಲೆ, 1912ರಲ್ಲಿ, ಅದೇ ಜಾಗ ವನ್ಯಜೀವಿ ಧಾಮವಾಯಿತು, ಆಮೇಲೆ ಅಲ್ಲಿಗೆ ಆರು ಕಾಡೆಮ್ಮೆಗಳು ಬಂದವು. ಲಕ್ಷಗಟ್ಟಲೆ ಅಲೆದಾಡುತ್ತಿದ್ದ ಪ್ರಾಣಿ ಅಲ್ಲಿ ಆರರಿಂದ ಮತ್ತೆ ಶುರುವಾಗಬೇಕಾಯಿತು! ಈಗ ಅಲ್ಲಿ ದೊಡ್ಡ ಹಿಂಡೇ ಇದೆ.

ದನಗಾಹಿಗಳು ಮೊದಮೊದಲು ಈ ಗುಡ್ಡಗಳಿಗೆ ಹೆದರುತ್ತಿದ್ದರು, ಒಳಹೊಕ್ಕ ದನ ಮರಳಿ ಬರುವುದಿಲ್ಲ ಎಂದು. 1879ರಲ್ಲಿ ಹಿಮಗಾಳಿಗೆ ಸಿಕ್ಕು ಚದುರಿದ ದನಗಳನ್ನು ಹುಡುಕಿಕೊಂಡು ನ್ಯೂಮನ್ ಎಂಬವರ ರಾಂಚಿನ ಆಳುಗಳು ಒಳಗೆ ಹೋದರು. ಸತ್ತ ದನ ಸಿಗಬಹುದೆಂದು ಹೋದವರಿಗೆ ಸಿಕ್ಕಿದ್ದು ಮೈತುಂಬಿಕೊಂಡ ದನ, ಜೊತೆಗೆ ಹಿಂದಿನ ವರ್ಷಗಳಲ್ಲಿ ಕಳೆದುಹೋಗಿ ಅಲ್ಲೇ ಬೆಳೆದವು! ಅಲ್ಲಿಂದ ರಾಂಚ್‌ಗಳು ಹೆಚ್ಚಿದವು. ಕೆಲವರು ಸರ್ಕಾರಿ ಜಮೀನಿಗೂ ಬೇಲಿ ಹಾಕಿಕೊಂಡರು. ಸ್ಪೇಡ್ ರಾಂಚಿನ ದೊಡ್ಡ ಒಡೆಯ ಬಾರ್ಟ್ಲೆಟ್ ರಿಚರ್ಡ್ಸ್‌ಗೆ ಅಕ್ರಮ ಭೂವ್ಯವಹಾರದ ಮೊಕದ್ದಮೆಯಲ್ಲಿ ಜೈಲು ಶಿಕ್ಷೆಯೇ ಆಯಿತು.

ಸರ್ಕಾರ ಬಡವರಿಗೂ ಭೂಮಿ ಸಿಗಲೆಂದು 1904ರಲ್ಲಿ ಕಿಂಕೇಡ್ ಕಾಯಿದೆ ತಂದಿತು. ಹಳೆಯ ಕಾನೂನಿನ 160 ಎಕರೆಯ ಬದಲು ಕುಟುಂಬಕ್ಕೆ 640 ಎಕರೆ, ಐದು ವರ್ಷ ಅಲ್ಲೇ ಬಾಳಿದರೆ ನಿಮ್ಮದೇ. ಜನ ಧಾವಿಸಿ ಬಂದರು. 1920ರ ಗಣತಿಯಲ್ಲಿ ಕೌಂಟಿಯ ಜನಸಂಖ್ಯೆ 11,753, ಇಂದಿನ ಎರಡರಷ್ಟಕ್ಕೂ ಹೆಚ್ಚು. ಹಾಗೆ ಬಂದವರಲ್ಲಿ ಕಪ್ಪು ಜನಾಂಗದ ಕುಟುಂಬಗಳೂ ಇದ್ದವು. ನಾರ್ತ್ ಲೂಪ್ ನದಿಯ ದಡದಲ್ಲಿ ಡಿವಿಟ್ಟಿ ಎಂಬ ಊರನ್ನೇ ಕಟ್ಟಿ, ಮಕ್ಕಳಿಗೆ ಶಾಲೆ ನಡೆಸಿದರು. ಇಂದು ಆ ಊರಿಲ್ಲ.

ಏಕೆ ಇಲ್ಲ? ಮತ್ತೆ ಲೆಕ್ಕವೇ. ಒಂದು ಹಸು ಮತ್ತು ಕರು ವರ್ಷವಿಡೀ ಬದುಕಲು ಈ ಮರಳಿನ ಹುಲ್ಲು ಸುಮಾರು 15ರಿಂದ 20 ಎಕರೆ ಬೇಕು. 640ನ್ನು ಭಾಗಿಸಿ ನೋಡಿ, ಮಕ್ಕಳೇ. ಮೂವತ್ತು, ನಲವತ್ತು ಹಸು. ಅಷ್ಟರಲ್ಲಿ ಸಂಸಾರ ನಡೆಯುವುದಿಲ್ಲ, ಉತ್ತರೆ ಮರಳು ಹಾರುತ್ತದೆ. ಜನ ಮಾರಿ ಹೋದರು, ಪಕ್ಕದ ರಾಂಚಿನವರು ಕೊಂಡರು, ರಾಂಚ್‌ಗಳು ಸಾವಿರಾರು ಎಕರೆಗೆ ಬೆಳೆದವು. ವಾಷಿಂಗ್ಟನ್‌ನಲ್ಲಿ ಕಾಗದದ ಮೇಲೆ ಬರೆದ ಸಂಖ್ಯೆಯನ್ನು ಹುಲ್ಲು ಒಪ್ಪಲಿಲ್ಲ. ಇಂದು ದೇಶದಲ್ಲೇ ಅತಿ ಹೆಚ್ಚು ಮಾಂಸದ ತಳಿಯ ಹಸುಗಳಿರುವ ಕೌಂಟಿಗಳ ಸಾಲಿನಲ್ಲಿ ಇದರ ಹೆಸರಿದೆ. ಜನರಿಗಿಂತ ದನ ಎಷ್ಟೋ ಪಟ್ಟು ಹೆಚ್ಚು.

ಪರಿಚಿತರ ಮೂಲಕ ಒಂದು ರಾಂಚ್ ನೋಡುವ ಅವಕಾಶ ಸಿಕ್ಕಿತು. ಹೊರಡುವ ಮುನ್ನವೇ ನಮಗೊಂದು ಎಚ್ಚರಿಕೆ ಬಂದಿತ್ತು: ನಿಮ್ಮಲ್ಲಿ ದನ ಎಷ್ಟಿವೆ ಎಂದು ಮಾತ್ರ ಕೇಳಬೇಡಿ, ಅದು ಬ್ಯಾಂಕಿನಲ್ಲಿ ದುಡ್ಡೆಷ್ಟಿದೆ ಎಂದು ಕೇಳಿದ ಹಾಗೆ. ಮಕ್ಕಳು ಅದನ್ನು ಕೇಳಲಿಲ್ಲ. ಕೇಳಿದ್ದು ಅದಕ್ಕಿಂತ ಕಷ್ಟದ ಪ್ರಶ್ನೆ, ಅದೂ ಕನ್ನಡದಲ್ಲಿ, ನಮ್ಮನ್ನೇ: "ಅಮ್ಮ, ಈ ಕರುಗಳು ದೊಡ್ಡವಾದ ಮೇಲೆ ಎಲ್ಲಿಗೆ ಹೋಗುತ್ತವೆ?" ದೀಪಾವಳಿಗೆ ಗೋಪೂಜೆ ಮಾಡುವ ಮನೆಯವರು ನಾವು. ಆದರೂ ನಿಜವನ್ನೇ ಹೇಳಿದೆವು. ಶರತ್ಕಾಲದಲ್ಲಿ ಮಾರಾಟವಾಗುತ್ತವೆ, ಮೆಕ್ಕೆಜೋಳ ತಿಂದು ಕೊಬ್ಬುತ್ತವೆ, ಆಮೇಲೆ ಕಸಾಯಿಖಾನೆ. ನಮ್ಮ ಒಮಾಹಾ ಬೆಳೆದದ್ದೂ ಆ ದನದಿಂದಲೇ. 1955ರಲ್ಲಿ ಇಲ್ಲಿನ ಜಾನುವಾರು ಸಂತೆ ಶಿಕಾಗೊವನ್ನು ಮೀರಿಸಿ ಪ್ರಪಂಚದಲ್ಲೇ ದೊಡ್ಡದಾಗಿತ್ತು, 1999ರಲ್ಲಿ ಮುಚ್ಚಿತು. ಅದೇ ರಾಂಚಿನ ಯಜಮಾನರು ಕರು ಹಾಕುವ ಕಾಲದಲ್ಲಿ ರಾತ್ರಿ ಎರಡು ಗಂಟೆಗೆ ಹಿಮದಲ್ಲಿ ಹೋಗಿ, ನಡುಗುವ ಕರುವನ್ನು ಟ್ರಕ್ಕಿನೊಳಗೆ ಹೀಟರ್ ಮುಂದೆ ಮಲಗಿಸಿಕೊಂಡು ಬರುತ್ತಾರಂತೆ. ಹೇಳುವಾಗ ಅವರ ದನಿ ನಮ್ಮ ಅಜ್ಜಿ ಕೊಟ್ಟಿಗೆಯ ಮಾತಾಡುವಾಗಿನ ದನಿಯಂತೆಯೇ ಇತ್ತು. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ನಮಗೆ ಇವತ್ತಿಗೂ ಸುಲಭವಾಗಿಲ್ಲ.

ಜನ ಕಡಿಮೆಯಾದರೆ ಮೊದಲು ಪೆಟ್ಟು ಬೀಳುವುದು ಶಾಲೆಗೆ. ಒಬ್ಬರೇ ಟೀಚರ್ ಇರುವ ಶಾಲೆಗಳು ಇಲ್ಲಿ ಬಹಳ ಇದ್ದವು. ಪ್ರಾಥಮಿಕ ತರಗತಿಗಳಷ್ಟೇ ಇರುವ ಶಾಲಾ ಜಿಲ್ಲೆಗಳು ದೊಡ್ಡವುಗಳೊಂದಿಗೆ ವಿಲೀನವಾಗಬೇಕೆಂದು ನೆಬ್ರಾಸ್ಕ ಶಾಸನಸಭೆ 2005ರಲ್ಲಿ ಕಾನೂನು ಮಾಡಿತು. 2006ರ ನವೆಂಬರ್‌ನಲ್ಲಿ ಮತದಾರರು ಆ ಕಾನೂನನ್ನು ತಳ್ಳಿಹಾಕಿದರು, ಅಷ್ಟರಲ್ಲಿ ವಿಲೀನ ಮುಗಿದೇಹೋಗಿತ್ತು.

ಕೋಡಿ ಹಳ್ಳಿಯವರು ಬೇರೆ ದಾರಿ ಹಿಡಿದರು. ಜನ ನೂರೈವತ್ತರ ಆಸುಪಾಸು. ದಿನಸಿ ಅಂಗಡಿ ಮುಚ್ಚಿ ವರ್ಷಗಳಾಗಿ, ಹಾಲು, ಬ್ರೆಡ್ಡಿಗೂ ದೂರ ಹೋಗಬೇಕಿತ್ತು. ಅಲ್ಲಿನ ಶಾಲೆಯ ಮಕ್ಕಳೇ ಮುಂದೆ ನಿಂತು, ಒಣಹುಲ್ಲಿನ ಪೆಂಡಿಗಳನ್ನು ಗೋಡೆಯಾಗಿ ಪೇರಿಸಿದ ಕಟ್ಟಡದಲ್ಲಿ, 2013ರಲ್ಲಿ ಸರ್ಕಲ್ ಸಿ ಮಾರ್ಕೆಟ್ ಎಂಬ ಅಂಗಡಿ ತೆರೆದರು. ಸಾಮಾನು ತರಿಸುವುದು, ಜೋಡಿಸುವುದು, ಲೆಕ್ಕ ಬರೆಯುವುದು ಎಲ್ಲ ವಿದ್ಯಾರ್ಥಿಗಳದೇ. ನಾವು ಹೋದಾಗ ಗಲ್ಲಾದಲ್ಲಿ ಹೈಸ್ಕೂಲ್ ಹುಡುಗಿಯೊಬ್ಬಳಿದ್ದಳು. ಮೊಸರು, ಬಾಳೆಹಣ್ಣು ಕೊಂಡೆವು. ನಿನ್ನ ತರಗತಿಯಲ್ಲಿ ಎಷ್ಟು ಜನ ಎಂದು ನಮ್ಮ ಮಗಳು ಕೇಳಿದಳು. ಅವಳು ಬೆರಳು ಮಡಚಿ ಎಣಿಸಿ ಹತ್ತು ಎಂದಳು. ಮಗಳು ನಮ್ಮ ಕಡೆ ತಿರುಗಿ ಹೇಳಿದಳು: "ನಮ್ಮ ಕನ್ನಡ ಕ್ಲಾಸಿಗಿಂತ ಮೂರು ಜಾಸ್ತಿ!"