ಪೈರಿಗೂ ಸೀಮಂತ ಮಾಡುವ ಊರು

ಬೆಳಿಗ್ಗೆ ಅನ್ನ ಇಳಿಸಿದ ಮೇಲೆ ಮೊದಲ ತುತ್ತನ್ನು ನೀವು ಯಾರಿಗೆ ಎತ್ತಿಡುತ್ತೀರಿ? ದೇವರ ನೈವೇದ್ಯಕ್ಕೆ ಎನ್ನುವವರಿದ್ದೀರಿ, ಕಾಗೆಗೆ ಎನ್ನುವವರಿದ್ದೀರಿ, ಹಸುವಿಗೆ ಎನ್ನುವವರೂ ಇದ್ದೀರಿ. ಕುಕ್ಕರ್ ಕೂಗಿದ್ದೇ ತಡ, ಮಕ್ಕಳ ಡಬ್ಬಿಗೆ ತುಂಬುವ ಅವಸರದಲ್ಲಿ ಯಾರಿಗೂ ಇಲ್ಲ ಎನ್ನುವವರೂ ಇರಬೇಕು. ಸಂಕೋಚವೇಕೆ, ನಾನೂ ಅವರಲ್ಲೊಬ್ಬಳು.

ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಜತಿಲುವಿ ಎಂಬ ಹಳ್ಳಿ ಇದೆ. ಹೆಸರಿನ ಕೊನೆಗೆ ಒಂದು ಹಕಾರ ಉಂಟು, ಆದರೆ ಅದು ಉಸಿರು ಬಿಟ್ಟಷ್ಟೇ ಕೇಳಿಸುತ್ತದೆ. ಅಲ್ಲಿ ಅಡಿಗೆ ಮುಗಿದ ಕೂಡಲೇ ಮನೆಯಾಕೆ ಬಾಳೆಲೆಯನ್ನು ಎರಡೆರಡು ಬೆರಳಗಲದ ತುಂಡು ಮಾಡಿ, ಪ್ರತಿಯೊಂದರ ಮೇಲೂ ಒಂದು ಚಿಟಿಕೆ ಅನ್ನ, ಒಂದು ಹರಳು ಉಪ್ಪು ಇಡುತ್ತಾಳೆ. ಒಂದು ಒಲೆಯ ಮೇಲೆ, ಒಂದು ನೀರಿನ ಜಾಗದಲ್ಲಿ, ಒಂದು ಅಕ್ಕಿ ಡಬ್ಬದ ಮೇಲೆ, ಒಂದು ಅಂಗಳದಲ್ಲಿ, ಒಂದು ಮನೆದೇವರ ಗುಡಿಯಲ್ಲಿ. ಇದು ಮುಗಿಯುವ ತನಕ ಮನೆಯಲ್ಲಿ ಯಾರೂ ಬಾಯಿಗೆ ತುತ್ತಿಡುವಂತಿಲ್ಲ. ಇದಕ್ಕೆ ಮಸೈಬಾನ್ ಎನ್ನುತ್ತಾರೆ. ನಾವು ಉಳಿದುಕೊಂಡಿದ್ದ ಮನೆಯ ಅಮ್ಮ ಇದನ್ನು ದಿನವೂ ಮಾಡುವುದನ್ನು ನೋಡಿದೆ. ಎಲೆ ಇಡುವುದು, ಕೈಮುಗಿಯುವುದು, ಮುಂದಕ್ಕೆ ಹೋಗುವುದು, ಅಷ್ಟೆ. ರಂಗೋಲಿ ಎಳೆದು ಎದ್ದು ಹೋಗುತ್ತೇವಲ್ಲ, ಹಾಗೆ.

ಬಾಲಿ ಅಂದರೆ ಸಮುದ್ರತೀರ, ಮಧುಚಂದ್ರ, ಫೋಟೋ ಎಂದುಕೊಂಡಿದ್ದೆ. ನಮ್ಮ ಯಜಮಾನರೂ ಹಾಗೇ ಅಂದುಕೊಂಡಿದ್ದರು. ಬೆಂಗಳೂರಿನಿಂದ ನೇರ ವಿಮಾನ 2024ರಲ್ಲಿ ಶುರುವಾದ ಮೇಲೆ ನಮ್ಮ ಕಡೆಯಿಂದ ಹೋಗುವವರೂ ಹೆಚ್ಚಾಗಿದ್ದಾರೆ. ಹೆಚ್ಚಿನವರು ದಕ್ಷಿಣದ ಕಡಲತಡಿಯಲ್ಲೇ ತಿರುಗಿ ವಾಪಸು ಬರುತ್ತಾರೆ. ನೀವು ಹೋದರೆ ಹಾಗೆ ಮಾಡಬೇಡಿ. ರಾಜಧಾನಿ ಡೆನ್‌ಪಸಾರ್‌ನಿಂದ ವಾಯವ್ಯಕ್ಕೆ ಐವತ್ತು ಕಿಲೋಮೀಟರಿನೊಳಗೇ ತಬನಾನ್ ಜಿಲ್ಲೆಯ ಈ ಊರು ಸಿಗುತ್ತದೆ. ದಾರಿ ಕಿರಿದು, ತಿರುವುಗಳು ಬಹಳ. ಚಿಕ್ಕಮಗಳೂರಿನ ಘಾಟಿಗೆ ಹೊಟ್ಟೆ ತೊಳಸುವವರು ಒಂದು ನಿಂಬೆಹಣ್ಣು ಇಟ್ಟುಕೊಳ್ಳಿ.

ಮೇಲೆ ಬತುಕಾರು ಬೆಟ್ಟ, 2276 ಮೀಟರ್, ಬಾಲಿಯಲ್ಲಿ ಎತ್ತರದಲ್ಲಿ ಎರಡನೆಯದು. ಹೆಚ್ಚು ಹೊತ್ತು ಮೋಡ ಹೊದ್ದೇ ಇರುತ್ತದೆ. ಅದರ ದಕ್ಷಿಣದ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಗದ್ದೆಗಳು. ಸುಮಾರು 300 ಹೆಕ್ಟೇರ್. ಕೆಲವು ಗದ್ದೆಗಳು ನಮ್ಮ ಪಡಸಾಲೆಯಷ್ಟೂ ಇಲ್ಲ. ಗುಡ್ಡ ಹೇಗೆ ಬಳುಕಿದೆಯೋ ಬದುವೂ ಹಾಗೇ ಬಳುಕಿದೆ, ನೆಟ್ಟಗಿನ ಗೆರೆಯೇ ಇಲ್ಲ. ಜತಿಲುವಿ ಎಂದರೆ 'ನಿಜಕ್ಕೂ ಚೆಲುವಾದದ್ದು' ಎಂದು ಅರ್ಥ ಹೇಳುತ್ತಾರೆ.

ಆದರೆ ಚೆಲುವನ್ನು ನೋಡಿ ಫೋಟೋ ತೆಗೆದು ಬಂದುಬಿಟ್ಟರೆ ಆ ಊರು ಅರ್ಥವಾಗುವುದಿಲ್ಲ. ನೀರು ನೋಡಬೇಕು.

ಬೆಟ್ಟದ ಹಳ್ಳಕ್ಕೆ ಒಡ್ಡು ಕಟ್ಟಿ, ಕೆಲವು ಕಡೆ ಗುಡ್ಡವನ್ನೇ ಕೊರೆದು, ಕಾಲುವೆಯಲ್ಲಿ ನೀರು ತರುತ್ತಾರೆ. ಕಾಲುವೆ ಕವಲೊಡೆಯುವಲ್ಲಿ ಅಡ್ಡಲಾಗಿ ಒಂದು ದಿಮ್ಮಿ, ಅದರಲ್ಲಿ ಕಚ್ಚುಗಳು. ಯಾರ ಗದ್ದೆ ಎಷ್ಟೋ ಅವರ ಕಚ್ಚು ಅಷ್ಟಗಲ. ಬೀಗವಿಲ್ಲ, ಕಾವಲಿಲ್ಲ. ಒಂದೇ ನೀರು ಕುಡಿಯುವ ಗದ್ದೆಗಳವರೆಲ್ಲ ಸೇರಿದ ಕೂಟಕ್ಕೆ ಸುಬಾಕ್ ಎಂದು ಹೆಸರು. ಅದಕ್ಕೊಬ್ಬ ಮುಖ್ಯಸ್ಥ, ಪೆಕಾಸೆ. ಸಭೆಗೆ ಬಾರದಿದ್ದರೆ, ಕಾಲುವೆ ಹೂಳು ತೆಗೆಯಲು ಬಾರದಿದ್ದರೆ ದಂಡ. ಒಂಬತ್ತನೆಯ ಶತಮಾನದಿಂದಲೂ ಬಾಲಿಯಲ್ಲಿ ಈ ಪದ್ಧತಿ ನಡೆದುಬಂದಿದೆ. ದೇವರು, ಮನುಷ್ಯ, ನೆಲ ಮೂರೂ ಒಂದಕ್ಕೊಂದು ಹೊಂದಿಕೊಂಡಿದ್ದರೆ ಸುಖ ಎಂಬುದು ಇದರ ತಳಹದಿ. ಅದನ್ನು ಅವರು 'ತ್ರಿ ಹಿತ ಕರಣ' ಎನ್ನುತ್ತಾರೆ. ಕೇಳಿದ ಕೂಡಲೇ ನಮಗೆ ಅರ್ಥವಾಗುವ ಮಾತು! ಸಂಸ್ಕೃತದ ಇಂಥ ತುಣುಕುಗಳು ಅಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಅದನ್ನು ಕೇಳಿ ಹಿಗ್ಗಿ, ಅವರೆಲ್ಲ ನಮ್ಮವರೇ ಎಂದುಕೊಂಡು ಬೀಗುವುದು ಬೇಡ. ಅವರ ಹಿಂದೂ ಧರ್ಮ ಅವರದ್ದೇ ರೀತಿಯದು, ಹಂದಿಯೂ ಬಾತುಕೋಳಿಯೂ ಅವರ ಹಬ್ಬದಡುಗೆ.

ನೀರಿನ ಗುಡಿಗಳ ಅರ್ಚಕರು ಯಾವ ಪ್ರದೇಶದವರು ಯಾವಾಗ ನಾಟಿ ಮಾಡಬೇಕೆಂದು ಸುಬಾಕುಗಳ ಜೊತೆ ಕೂತು ಗೊತ್ತುಮಾಡುವ ಪದ್ಧತಿ ಇತ್ತು. 1970ರ ದಶಕದಲ್ಲಿ ಸರ್ಕಾರ ಹೊಸ ತಳಿಯ ಭತ್ತ, ರಾಸಾಯನಿಕ ಗೊಬ್ಬರ ತಂದು, ಸಾಧ್ಯವಾದಷ್ಟು ಸಲ ಬೆಳೆ ತೆಗೆಯಿರಿ ಎಂದಿತು. ಗುಡಿಯ ಲೆಕ್ಕ ಮೂಢನಂಬಿಕೆ ಅನ್ನಿಸಿಕೊಂಡಿತು. ಮೊದಮೊದಲು ಕಣಜ ತುಂಬಿತು. ಆಮೇಲೆ ಕಂದು ಜಿಗಿಹುಳು ಬಂತು, ರೋಗ ಬಂತು, ನೀರಿಗೆ ಎಳೆದಾಟ ಬಂತು. ಯಾಕೆ ಗೊತ್ತೇ? ಹಿಂದೆ ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ಕೊಯ್ಲಾಗಿ ಒಟ್ಟಿಗೆ ಬಿಡುವಾಗಿರುತ್ತಿದ್ದವು, ಹುಳಕ್ಕೆ ವಾರಗಟ್ಟಲೆ ಉಪವಾಸ ಬಿದ್ದು ಸಾಯುತ್ತಿತ್ತು. ಈಗ ಒಬ್ಬರ ಗದ್ದೆ ಒಣಗಿದರೆ ಪಕ್ಕದವರ ಗದ್ದೆ ಹಸಿರು, ಹುಳಕ್ಕೆ ವರ್ಷವಿಡೀ ಊಟ. ಹಾಗೆಂದು ಇಡೀ ಬೆಟ್ಟದವರು ಒಂದೇ ದಿನ ನಾಟಿ ಮಾಡಿದರೆ ನೀರು ಸಾಲದು. ಈ ಎರಡರ ನಡುವಿನ ತೂಕವೇ ಗುಡಿಯವರ ಲೆಕ್ಕ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಅದನ್ನು ಕಂಪ್ಯೂಟರಿಗೆ ಹಾಕಿ ನೋಡಿ, ಅರ್ಚಕರದ್ದೇ ಸರಿ ಎಂದು 1991ರ ತಮ್ಮ ಪುಸ್ತಕದಲ್ಲಿ ಬರೆದರು. ನಮ್ಮತ್ತೆಯವರಿಗೆ ಇದನ್ನು ಹೇಳಿದಾಗ, "ಅದನ್ನ ಹೇಳೋಕೆ ಕಂಪ್ಯೂಟರ್ ಯಾಕೆ ಬೇಕಿತ್ತು?" ಅಂದರು.

ಜತಿಲುವಿಯವರು ಹಳೆಯ ತಳಿಯ ಕೆಂಪಕ್ಕಿ ಭತ್ತವನ್ನು ಕೈಬಿಡಲಿಲ್ಲ. ವರ್ಷಕ್ಕೆ ಒಂದೇ ಸಲ ಅದರ ಬೆಳೆ, ಸುಮಾರು ಐದಾರು ತಿಂಗಳು ಬೇಕು. ಪೈರು ಎದೆಯೆತ್ತರ ಬೆಳೆಯುತ್ತದೆ. ಆಮೇಲೆ ಬಿಳಿಯಕ್ಕಿಯ ಬೆಳೆ. ಕೊಯ್ಲು ಮುಗಿದ ಗದ್ದೆಗೆ ಬಾತುಗಳ ಹಿಂಡು ಬಿಡುತ್ತಾರೆ, ಉದುರಿದ ಕಾಳೂ ಹುಳವೂ ಅವಕ್ಕೆ, ಗೊಬ್ಬರ ಗದ್ದೆಗೆ.

ಭತ್ತದ ದೇವಿಗೆ ಅಲ್ಲಿ 'ದೇವಿ ಶ್ರೀ' ಎಂದು ಹೆಸರು. ನೀರು ಗದ್ದೆಗೆ ಬಂದಾಗ ಒಂದು ಪೂಜೆ, ಕಣಜಕ್ಕೆ ಸೇರಿದಾಗ ಒಂದು ಪೂಜೆ, ನಡುವೆ ಇನ್ನಷ್ಟು. ಅದರಲ್ಲಿ ನನಗೆ ಮೈ ಜುಮ್ಮೆಂದದ್ದು ಬಿಯುಕುಕುಂಗ್ ಎಂಬುದರ ಸಂಗತಿ ಕೇಳಿ. ತೆನೆ ಹೊರಬರುವ ಮೊದಲು ಪೈರಿನ ಹೊಟ್ಟೆ ಉಬ್ಬುತ್ತದಲ್ಲ, ಆಗ ಪೈರು ಬಸುರಿಯಾಯಿತೆಂದು ಗದ್ದೆಗೇ ಎಡೆ ಒಯ್ದು ಪೂಜಿಸುತ್ತಾರೆ. ಮಲೆನಾಡಿನ ಸೋದರಿಯರೇ, ನಿಮಗೆ ಭೂಮಿ ಹುಣ್ಣಿಮೆ ನೆನಪಾಗಲಿಲ್ಲವೇ? ರಾತ್ರಿಯೆಲ್ಲ ನಿದ್ದೆಗೆಟ್ಟು ಅಡಿಗೆ ಮಾಡಿ, ಬೆಳಕು ಹರಿಯುವ ಮುಂಚೆ ಗದ್ದೆಗೆ ಚರಗ ಚೆಲ್ಲಲು ಹೋಗುವುದಿಲ್ಲವೇ ನಾವು? ಅದೂ ಬಸುರಿ ಭೂಮಿತಾಯಿಯ ಬಯಕೆ ಊಟವೇ. ನಾನಿದನ್ನು ಹೇಳಿದಾಗ ಆ ಅಮ್ಮ ನನ್ನ ಕೈ ಹಿಡಿದುಕೊಂಡು ಏನೋ ಅಂದರು. ಜೊತೆಗಿದ್ದ ಡ್ರೈವರ್ ಹುಡುಗನಿಗೆ ಅದನ್ನು ಇಂಗ್ಲಿಷಿಗೆ ತಿರುಗಿಸಲು ಬರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆ ಹುಡುಗನ ಹೆಸರು ಕೆಟುಟ್. ಬಾಲಿಯಲ್ಲಿ ಮೊದಲ ಮಗುವಿಗೆ ವಯಾನ್, ಎರಡನೆಯದಕ್ಕೆ ಮಡೆ, ಮೂರನೆಯದಕ್ಕೆ ನ್ಯೋಮಾನ್, ನಾಲ್ಕನೆಯದಕ್ಕೆ ಕೆಟುಟ್. ಹೆಣ್ಣಾದರೂ ಗಂಡಾದರೂ ಸರಿ. ಐದನೆಯದಾದರೆ ಮತ್ತೆ ವಯಾನ್‌ನಿಂದ ಶುರು! ಎರಡು ಮಕ್ಕಳು ಸಾಕು ಎಂಬ ಪ್ರಚಾರ ಚೆನ್ನಾಗಿ ನಡೆದು ಈಗ ಕೆಟುಟ್‌ಗಳೇ ಅಪರೂಪ. 2019ರಲ್ಲಿ ಬಾಲಿಯ ಗವರ್ನರರು ನಾಲ್ಕು ಮಕ್ಕಳಿರಲಿ ಎಂದು ಆದೇಶವನ್ನೇ ಹೊರಡಿಸಿದರು. ಹೆರುವವರನ್ನು ಕೇಳಿದರೋ ಇಲ್ಲವೋ!

ನಾವು ಹೋದದ್ದು ಜೂನ್ ಕೊನೆಯಲ್ಲಿ, ಕೆಂಪಕ್ಕಿಯ ಕೊಯ್ಲಿಗೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದೊಂದು ಬ್ಲೇಡಿನಿಂದ ಹೆಂಗಸರು ತೆನೆಯನ್ನು ಒಂದೊಂದಾಗಿ ಕತ್ತರಿಸುತ್ತಾರೆ. ದೇವಿ ಶ್ರೀ ಬೆದರಬಾರದೆಂದು ಅಲಗನ್ನು ಕೈಯಲ್ಲೇ ಮರೆಮಾಡುವುದಂತೆ. ಕೊಯ್ದದ್ದನ್ನು ಸಿವುಡು ಕಟ್ಟಿ ತಲೆಯ ಮೇಲೆ ಹೊರುತ್ತಾರೆ. ನಾನೂ ಬ್ಲೇಡು ಇಸಕೊಂಡೆ. ಹತ್ತು ತೆನೆ ಕೊಯ್ಯುವಷ್ಟರಲ್ಲಿ ಸೊಂಟ ಹಿಡಿಯಿತು.

ಅಮ್ಮನನ್ನು 'ಇಬು' ಎನ್ನಬೇಕು, ತಾಯಿ ಎಂದರ್ಥ. ಇಬುಗೆ ಮುಕ್ಕಾಲು ಎಕರೆ ಗದ್ದೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಒಬ್ಬ ಪ್ರಯಾಣಿಕರ ಹಡಗಿನಲ್ಲಿ ಕೆಲಸ, ವರ್ಷಕ್ಕೊಮ್ಮೆ ಬರುತ್ತಾನೆ. ಇನ್ನೊಬ್ಬ ದಕ್ಷಿಣದ ಹೋಟೆಲಿನಲ್ಲಿ. ಕೊಯ್ಲಿಗೆ ಬಂದಿದ್ದವಳು ಪಕ್ಕದೂರಿಗೆ ಮದುವೆಯಾದ ಮಗಳು. ಆದರೆ ಅಲ್ಲಿನ ಪದ್ಧತಿಯಲ್ಲಿ ನೆಲ ಗಂಡುಮಕ್ಕಳಿಗೆ, ಸುಬಾಕಿನ ಸಭೆಯೂ ಸಾಮಾನ್ಯವಾಗಿ ಗಂಡಸರದ್ದೇ. 2010ರಲ್ಲಿ ಬಾಲಿಯ ಸಂಪ್ರದಾಯದ ಗ್ರಾಮಗಳ ಮಹಾಸಭೆ, ಮದುವೆಯಾಗಿ ಹೋದ ಮಗಳಿಗೂ ತಂದೆತಾಯಿ ಗಳಿಸಿದ ಆಸ್ತಿಯಲ್ಲಿ ಗಂಡುಮಗನ ಪಾಲಿನ ಅರ್ಧ ಸಲ್ಲಬೇಕೆಂದಿತು. ಕಾಗದದ ಮೇಲಿನ ಮಾತು ಅಂಗಳಕ್ಕೆ ಬರಲು ಎಷ್ಟು ಹೊತ್ತಾಗುತ್ತದೆಂದು ನಿಮಗೆ ನಾನು ಹೇಳಬೇಕೆ?

ರಸ್ತೆಯ ಪಕ್ಕಕ್ಕಿರುವ ಮೇಲಿನ ಎರಡು ಗದ್ದೆಗಳನ್ನು ಕೇಳಿಕೊಂಡು ಪಟ್ಟಣದವರೊಬ್ಬರು ಬಂದಿದ್ದಾರೆ, ಕಾಫಿ ಹೋಟೆಲ್ ಮಾಡಲು. ಹೋಟೆಲಿನ ಮಗ ಕೊಟ್ಟುಬಿಡೋಣ ಅನ್ನುತ್ತಾನೆ. ಅವನ ಮಾತಿನಲ್ಲೂ ಹುರುಳಿದೆ. 2012ರಲ್ಲಿ ಬಾಲಿಯ ಸುಬಾಕ್ ಪ್ರದೇಶ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು, 2024ರಲ್ಲಿ ಜತಿಲುವಿಗೆ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯಿಂದ ಉತ್ತಮ ಪ್ರವಾಸಿ ಗ್ರಾಮವೆಂಬ ಮನ್ನಣೆ ಬಂತು. ಜನ ಟಿಕೆಟ್ ಕೊಟ್ಟು ನೋಡಲು ಬರುತ್ತಾರೆ, ಅದರಲ್ಲಿ ಒಂದು ಪಾಲು ಊರಿಗೂ ಸುಬಾಕಿಗೂ ಸಲ್ಲುತ್ತದೆ. ಆದರೂ ಒಂದು ಬೆಳೆಯಿಂದ ಬರುವುದಕ್ಕಿಂತ ಗದ್ದೆಯನ್ನು ನೋಡುತ್ತಾ ಕಾಫಿ ಕುಡಿಯುವವರಿಂದ ಬರುವುದು ಹೆಚ್ಚು. ಎಲ್ಲರೂ ಹೋಟೆಲು ಕಟ್ಟಿದರೆ ಮತ್ತೆ ನೋಡುವುದು ಏನನ್ನು? ಇದು ನಾನು ಕೇಳಿದ ಪ್ರಶ್ನೆಯಲ್ಲ, ಇಬು ಮಗನಿಗೆ ಕೇಳಿದ್ದು. ಮೇಲಿನ ಗದ್ದೆಯ ನೀರು ಕೆಳಗಿನವರ ಗದ್ದೆಗೆ ಇಳಿಯಬೇಕು. ಮೇಲೆ ಸಿಮೆಂಟು ಬಿದ್ದರೆ ಕೆಳಗಿನ ಮನೆಯವರು ಏನು ಮಾಡುತ್ತಾರೆ ಎಂಬುದೇ ಅವರ ಚಿಂತೆ. ಆ ಕೆಳಗಿನ ಮನೆಯವರು ಅವರ ಓರಗಿತ್ತಿ. ಇಬ್ಬರಿಗೂ ಮಾತು ಅಷ್ಟಕ್ಕಷ್ಟೆ, ಆದರೂ!

"ಏನು ಹೇಳಿದಿರಿ ಅವರಿಗೆ?" ಎಂದು ಹೊರಡುವ ದಿನ ಕೇಳಿದೆ. ಕೊಯ್ಲು ಮುಗಿಯಲಿ ಅಂದೆ, ಅಂದರು.

ಸುತ್ತಮುತ್ತ ನೋಡುವಂಥದ್ದು ಬೇಕಾದಷ್ಟಿದೆ. ಬೆಟ್ಟದ ಕಾಡಿನೊಳಗೆ ಬತುಕಾರು ದೇವಸ್ಥಾನ, ತಂಪು, ನಿಶ್ಶಬ್ದ. ಬೆರಾತಾನ್ ಸರೋವರದ ನೀರಿನ ದೇವಿಯ ಗುಡಿ, 2005ರ 50,000 ರುಪಿಯಾ ನೋಟಿನಲ್ಲಿ ಅದರದ್ದೇ ಚಿತ್ರ. ಕಡಲ ಬಂಡೆಯ ಮೇಲಿನ ತಾನಾ ಲೊಟ್‌ನಲ್ಲಿ ಜನಜಂಗುಳಿ. ಮಾರ್ಗ ಎಂಬ ಊರಿನಲ್ಲಿ 1946ರ ನವೆಂಬರ್ 20ರಂದು ಡಚ್ಚರ ವಿರುದ್ಧ ಕಡೆಯವರೆಗೂ ಹೋರಾಡಿ ಮಡಿದ ನ್ಗುರಾ ರಾಯ್ ಮತ್ತು ಸಂಗಡಿಗರ ಸ್ಮಾರಕವಿದೆ. ನೀವು ಇಳಿಯುವ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು.

ಇನ್ನು ಊಟದ ಮಾತು. ಸಸ್ಯಾಹಾರಿಗಳು 'ತೆರಾಸಿ' ಎಂಬ ಪದ ನೆನಪಿಡಿ. ಅದು ಸೀಗಡಿಯ ಗಟ್ಟಿ, ಕೆಂಪು ಚಟ್ನಿಗಳಲ್ಲಿ ಸದ್ದಿಲ್ಲದೆ ಸೇರಿರುತ್ತದೆ, ಬೇಡವೆಂದು ಮೊದಲೇ ಹೇಳಬೇಕು. ಟೆಂಪೆ, ಅಂದರೆ ಸೋಯಾಕಾಳು ಹುದುಗಿಸಿ ಮಾಡಿದ ಬಿಲ್ಲೆ, ಎಲ್ಲ ಕಡೆ ಸಿಗುತ್ತದೆ. ಬೆಳಗಿನ ತಿಂಡಿಗೆ ಲಕ್ಲಕ್ ತಿನ್ನಿ. ಮಣ್ಣಿನ ಗುಳಿಹಂಚಿನಲ್ಲಿ ಅಕ್ಕಿಹಿಟ್ಟು ಹೊಯ್ದು ಬೇಯಿಸಿ, ತೆಂಗಿನತುರಿ, ತಾಳೆಬೆಲ್ಲದ ಪಾಕ ಸುರಿಯುತ್ತಾರೆ. ಪಡ್ಡುವಿನ ತಂಗಿ ಅನ್ನಿ.

ಮನೆಯಲ್ಲೇ ಮಾಡಬಹುದಾದದ್ದು ಉರಬ್. ಹುರುಳಿಕಾಯಿ, ಪಾಲಕ್, ಮೊಳಕೆ ಹೆಸರುಕಾಳನ್ನು ಬೇರೆಬೇರೆಯಾಗಿ ಕುದಿನೀರಲ್ಲಿ ಒಂದೆರಡು ನಿಮಿಷ ಹಾಕಿ ತೆಗೆದು, ನೀರು ಹಿಂಡಿ. ಕೆಂಪು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಜಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಬಾಡಿಸಿ. ಅವರು ಕೆಂಚೂರ್ ಎಂಬ ಗಡ್ಡೆ ಹಾಕುತ್ತಾರೆ, ನಾನು ಮಾವಿನಶುಂಠಿ ಹಾಕಿದೆ, ಚೆನ್ನಾಗಿಯೇ ಬಂತು. ಇದಕ್ಕೆ ಹಸಿ ತೆಂಗಿನತುರಿ, ಸಣ್ಣಗೆ ಹೆಚ್ಚಿದ ಒಂದು ಎಳೆ ನಿಂಬೆ ಎಲೆ, ಹುರಿದ ಸಾಂಬಾರ್ ಈರುಳ್ಳಿ ಸೇರಿಸಿ ತರಕಾರಿಯೊಂದಿಗೆ ಕೈಯಲ್ಲೇ ಕಲಸಿ. ನಿಂಬೆಹಣ್ಣು ಹಿಂಡಿ. ಬೆಳಗಿನದು ಸಂಜೆಗೆ ಉಳಿಯದು, ತೆಂಗು ಹಳಸುತ್ತದೆ.

ಹೋಗುವವರಿಗೆ ಎರಡು ಮಾತು. ಸಂಜೆ ಚಳಿ ಇರುತ್ತದೆ, ಶಾಲು ಒಯ್ಯಿರಿ. ಗುಡಿಯ ಒಳಗೆ ಹೋಗಲು ಸೊಂಟಕ್ಕೊಂದು ಪಟ್ಟಿ ಕಟ್ಟಬೇಕು, ಸೀರೆ ಉಟ್ಟಿದ್ದರೂ ಬಿಡರು. ಮುಟ್ಟಾದವರು ಬರಬಾರದೆಂಬ ಬೋರ್ಡು ಅಲ್ಲೂ ಇದೆ. ಮಾರ್ಚ್‌ನಲ್ಲಿ ಹೋಗುವುದಾದರೆ ನ್ಯೆಪಿ ಯಾವಾಗೆಂದು ನೋಡಿಕೊಳ್ಳಿ. ಅದು ಅವರ ಶಕವರ್ಷದ ಮೊದಲ ದಿನ. 2023ರಲ್ಲಿ ನಮ್ಮ ಯುಗಾದಿಯ ದಿನವೇ, ಮಾರ್ಚ್ 22ಕ್ಕೆ ಬಿದ್ದಿತ್ತು. ಅಂದು ಇಡೀ ದ್ವೀಪ ಮೌನ. ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಯಾರೂ ಹೊರಗೆ ಕಾಲಿಡುವಂತಿಲ್ಲ, ದೀಪವಿಲ್ಲ, ಒಲೆ ಹಚ್ಚುವಂತಿಲ್ಲ. ಹಬ್ಬದ ದಿನ ಒಲೆ ಹಚ್ಚದ ಹೆಂಗಸರು! ಇದನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ.