ಮೂವತ್ತೈದು ಮೈಕ್ರಾನ್ ಬಿಗಿ

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಬೇರಿಂಗ್ ಕೊಳ್ಳೋದು ಸುಲಭ. 6206 ಅಂತ ನಂಬರ್ ಹೇಳಿದರೆ ಸಾಕು. ಒಳವ್ಯಾಸ 30 ಮಿ.ಮೀ., ಹೊರವ್ಯಾಸ 62, ಅಗಲ 16. ಯಾವ ದೇಶದಲ್ಲಿ ಕೊಂಡರೂ ಅದೇ ಅಳತೆ. ಆದರೆ ಅದು ಕೂರುವ ತೂತನ್ನು ಎಷ್ಟಕ್ಕೆ ಕೊರೆಸಬೇಕು ಅನ್ನೋದು ಡಬ್ಬಿಯ ಮೇಲೆ ಬರೆದಿರೋದಿಲ್ಲ. ಅದನ್ನು ಕೊಂಡವರೇ ಲೆಕ್ಕ ಹಾಕಬೇಕು.

ಜರ್ಮನಿಗೆ ಬಂದು ಇಲ್ಲಿನ ಫಾರ್ಮುಲಾ ಸ್ಟೂಡೆಂಟ್ ತಂಡಕ್ಕೆ ಸೇರಿದ ನಾವು ಮೂವರು ಕನ್ನಡಿಗರಿಗೆ ಸಿಕ್ಕ ಕೆಲಸ ಇದೇ. ವಿದ್ಯಾರ್ಥಿಗಳೇ ರೇಸ್ ಕಾರು ವಿನ್ಯಾಸ ಮಾಡಿ, ಕಟ್ಟಿ, ಓಡಿಸುವ ಸ್ಪರ್ಧೆ ಇದು. ಜರ್ಮನಿಯ ಸ್ಪರ್ಧೆ 2006ರಿಂದ ಹಾಕನ್‌ಹೈಮ್‌ನಲ್ಲಿ ನಡೆಯುತ್ತಿದೆ. ನಮ್ಮ ಪಾಲಿಗೆ ಬಂದದ್ದು ಅಪ್‌ರೈಟ್, ಅಂದರೆ ಚಕ್ರವನ್ನು ಸಸ್ಪೆನ್ಷನ್‌ಗೆ ಹಿಡಿದಿಡುವ ಅಲ್ಯೂಮಿನಿಯಂ ತುಂಡು. ಅದರ ಹೊಟ್ಟೆಯಲ್ಲಿ ಚಕ್ರದ ಬೇರಿಂಗ್ ಕೂರುತ್ತದೆ. ಕಾರಿನ ಸೀಟಿನಲ್ಲಿ ಕೂರೋಳು ನಮ್ಮ ಗೆಳತಿ. ಹಾಗಾಗಿ "ನಡೆಯುತ್ತೆ ಬಿಡೋ" ಅನ್ನುವ ಮಾತಿಗೆ ಇಲ್ಲಿ ಜಾಗವಿರಲಿಲ್ಲ.

ಪುಸ್ತಕದ ನಿಯಮ ಸರಳ: ಯಾವ ರಿಂಗಿನ ಸುತ್ತಲೂ ಭಾರ ತಿರುಗುತ್ತದೋ ಆ ರಿಂಗನ್ನು ಬಿಗಿಯಾಗಿ ಕೂರಿಸು. ನಮ್ಮ ಕಾರಿನಲ್ಲಿ ಚಕ್ರದ ಜೊತೆ ತಿರುಗೋದು ಒಳಗಿನ ರಿಂಗ್. ಅದರ ಪ್ರತಿ ಬಿಂದುವೂ ಸರದಿಯಂತೆ ಭಾರ ಹೊರುತ್ತದೆ. ಅದು ಹಬ್ಬಿನ ಮೇಲೆ ಬಿಗಿಯಾಗಿರಲೇಬೇಕು. ಹೊರಗಿನ ರಿಂಗಿಗೆ ಭಾರ ಬೀಳೋದು ಹೆಚ್ಚುಕಮ್ಮಿ ಒಂದೇ ಕಡೆ, ಅದಕ್ಕೆ ಸಡಿಲ ಫಿಟ್ ಸಾಕು. ಐಎಸ್‌ಒ 286ರ ಕೋಷ್ಟಕದಲ್ಲಿ ಅದಕ್ಕೆ ಎಚ್7 ಇದೆ: ತೂತು 62.000ರಿಂದ 62.030ರವರೆಗೆ. ಬೇರಿಂಗೋ 62.000ರಿಂದ 61.987. ಸಂದು ಹೆಚ್ಚೆಂದರೆ 43 ಮೈಕ್ರಾನ್.

ನಮ್ಮಲ್ಲಿ ಹುಬ್ಬಳ್ಳಿಯವನು "ಎಚ್7 ಸಾಕಲೇ" ಅಂದ. ಮೈಸೂರಿನವನು "ಬೇಡ ಕಣೋ, ಎಷ್ಟು ಬಿಗಿ ಆಗುತ್ತೋ ಅಷ್ಟು ಬಿಗಿ ಮಾಡೋಣ" ಅಂದ. ಕಾರ್ಯಾಗಾರದ ಹಿರಿಯ ಮೇಸ್ತ್ರಿ ಇಬ್ಬರ ವಾದವನ್ನೂ ಕೇಳಿ, ಒಂದೇ ಪ್ರಶ್ನೆ ಹಾಕಿದರು: "ಓಡುವಾಗ ಅದು ಎಷ್ಟು ಬಿಸಿ ಆಗುತ್ತೆ?"

ಅಲ್ಲಿಂದ ಲೆಕ್ಕವೇ ಬದಲಾಯಿತು. ಒಂದು ಡಿಗ್ರಿ ಬಿಸಿಗೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು ಸುಮಾರು 12. ಪಕ್ಕದಲ್ಲೇ ಬ್ರೇಕ್ ಇದೆ. ಕಾರ್ಯಾಗಾರದ 20 ಡಿಗ್ರಿಯಿಂದ ಅಪ್‌ರೈಟ್, ಬೇರಿಂಗ್ ಎರಡೂ 60ಕ್ಕೆ ಏರಿದರೆ, 62 ಮಿ.ಮೀ. ತೂತು ಬೇರಿಂಗಿಗಿಂತ 27 ಮೈಕ್ರಾನ್ ಹೆಚ್ಚು ಅಗಲವಾಗುತ್ತದೆ. ಎಚ್7ರ 43ಕ್ಕೆ ಈ 27 ಸೇರಿಸಿ: 70 ಮೈಕ್ರಾನ್, ಹತ್ತಿರ ಹತ್ತಿರ ಒಂದು ತಲೆಕೂದಲಿನ ದಪ್ಪ. ತಿರುವಿನಲ್ಲಿ ಭಾರ ಅತ್ತಿತ್ತ ವಾಲಿದಾಗ ರಿಂಗು ತನ್ನ ಮನೆಯೊಳಗೇ ಅಲುಗುತ್ತದೆ, ಮೆಲ್ಲಗೆ ತಿರುಗುತ್ತದೆ, ಮೆತ್ತಗಿನ ಅಲ್ಯೂಮಿನಿಯಂ ಸವೆಯುತ್ತದೆ.

ಹಾಗಂತ ಸಿಕ್ಕಾಪಟ್ಟೆ ಬಿಗಿ ಮಾಡಿದರೆ ಇನ್ನೊಂದು ಕಷ್ಟ. ಹೊರಗಿಂದ ಹಿಂಡಿದ ಬಿಗಿತದ ಒಂದು ಪಾಲು ರಿಂಗನ್ನು ದಾಟಿ ಒಳಗೆ ಹೋಗುತ್ತದೆ. 6206ರಲ್ಲಿ ಗುಂಡುಗಳಿಗೆ ಕೊಟ್ಟ ಮಾಮೂಲಿ ಒಳಸಡಿಲು ಬರೀ 5ರಿಂದ 20 ಮೈಕ್ರಾನ್. ಅದು ಮುಗಿದರೆ ಗುಂಡುಗಳಿಗೆ ಉಸಿರಾಡಲು ಜಾಗವಿಲ್ಲ. ಬೇರಿಂಗ್ ಕಾದು ಕೆಡುತ್ತದೆ.

ಕೋಷ್ಟಕದಲ್ಲಿ ನಮಗೆ ಹೊಂದಿದ್ದು ಪಿ7. ಆದರೆ ಅದರಲ್ಲೂ ಬಿಗಿತ 8ರಿಂದ 51 ಮೈಕ್ರಾನ್‌ವರೆಗೆ ಎಲ್ಲಿ ಬೇಕಾದರೂ ಬೀಳಬಹುದು. 8 ಬಂದರೆ ಬಿಸಿಯಲ್ಲಿ ಉಳಿಯೋದಿಲ್ಲ, 51 ಬಂದರೆ ಗುಂಡು ಸಿಕ್ಕಿಕೊಳ್ಳುತ್ತದೆ. ಅಕ್ಷರ ಬರೆದು ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಬಂದ ಬೇರಿಂಗ್‌ಗಳನ್ನು ಒಂದೊಂದಾಗಿ ಅಳೆದೆವು. ಒಂದು 61.993 ಇತ್ತು, ಅದರ ತೂತನ್ನು 61.958ಕ್ಕೆ ಮಾಡಿಸಿದೆವು. ತಣ್ಣಗಿದ್ದಾಗ 35 ಮೈಕ್ರಾನ್ ಬಿಗಿ, 60 ಡಿಗ್ರಿಯಲ್ಲಿ 8 ಉಳಿಯುತ್ತದೆ. ಒಳಸಡಿಲು ಹೆಚ್ಚಿರುವ ಸಿ4 ದರ್ಜೆಯ ಬೇರಿಂಗನ್ನೇ ತರಿಸಿದ್ದೆವು. ಬೇರಿಂಗ್ ಹೊರಗೆ ಜಾರದಂತೆ ಸರ್ಕ್ಲಿಪ್ ಬೇರೆ.

ಕೂರಿಸುವಾಗ ಸುತ್ತಿಗೆ ಮುಟ್ಟಲಿಲ್ಲ. ಅಪ್‌ರೈಟನ್ನು ಓವನ್‌ನಲ್ಲಿ 100 ಡಿಗ್ರಿಗೆ ಕಾಯಿಸಿದೆವು. ಅದಕ್ಕಿಂತ ತುಂಬಾ ಮೇಲೆ ಹೋಗಬಾರದು, 7075 ಟಿ6 ಅಲ್ಯೂಮಿನಿಯಂ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ. ಅಷ್ಟು ಬಿಸಿಗೆ ತೂತು 114 ಮೈಕ್ರಾನ್ ಅಗಲವಾಯಿತು, ಬೇರಿಂಗ್ ಕೈಯಲ್ಲೇ ಇಳಿಯಿತು. ಪ್ರೆಸ್ ಬಳಸುವವರು ಒಂದು ನೆನಪಿಡಿ: ಬಿಗಿಯಾಗಿ ಕೂರುವ ರಿಂಗನ್ನೇ ಒತ್ತಬೇಕು. ಒಳರಿಂಗ್ ಒತ್ತಿ ಹೊರರಿಂಗ್ ಕೂರಿಸಿದರೆ ಇಡೀ ಬಲ ಗುಂಡುಗಳ ಮೂಲಕ ಹಾಯ್ದು ಓಟದ ಹಾದಿಯಲ್ಲಿ ಗುಳಿ ಬೀಳುತ್ತದೆ.

ದಾವಣಗೆರೆಯ ಗೆಳೆಯ ಆಗ ಹೇಳಿದ್ದು: "ನಮ್ಮಜ್ಜನ ಊರಾಗ ಕಮ್ಮಾರ ಗಾಡಿ ಗಾಲಿಗೆ ಪಟ್ಟಿ ಹಾಕ್ತಿದ್ದುದೂ ಹಿಂಗೇ ಅಲ್ಲೇನು?" ನಿಜ. ಕಬ್ಬಿಣದ ಪಟ್ಟಿಯನ್ನು ಮರದ ಗಾಲಿಗಿಂತ ಕೊಂಚ ಚಿಕ್ಕದು ಮಾಡಿ, ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ತೊಡಿಸಿ ನೀರು ಹುಯ್ಯುತ್ತಾರೆ. ಎಷ್ಟು ಚಿಕ್ಕದು? ಕಡಿಮೆಯಾದರೆ ಪಟ್ಟಿ ಕಳಚುತ್ತದೆ, ಹೆಚ್ಚಾದರೆ ಗಾಲಿಯ ಕೀಲುಗಳೇ ಹಾಳು. ನಮಗೆ ಕೋಷ್ಟಕ, ಮೈಕ್ರೋಮೀಟರ್ ಎಲ್ಲಾ ಇದ್ದವು. ಆತನಿಗೆ ಇದ್ದದ್ದು ಕಣ್ಣಳತೆ ಮತ್ತು ಆ ಗಾಡಿ ಯಾವ ದಾರಿಯಲ್ಲಿ ಓಡುತ್ತದೆ ಅನ್ನುವ ತಿಳಿವಳಿಕೆ.

ಓಡಿಸುವ ಮುನ್ನ ರಿಂಗಿನಿಂದ ಅಪ್‌ರೈಟಿನವರೆಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದೆವು. ರಿಂಗ್ ಒಳಗೆ ತಿರುಗಿದರೆ ಗೆರೆ ಮುರಿಯುತ್ತದೆ. ದಿನವಿಡೀ ಪರೀಕ್ಷೆ ಮುಗಿಸಿ ಗೆಳತಿ ಹೆಲ್ಮೆಟ್ ತೆಗೆಯುವ ಮೊದಲೇ ನಾವು ಚಕ್ರ ಬಿಚ್ಚಿದ್ದೆವು. ಗೆರೆ ನೇರವಾಗಿಯೇ ಇತ್ತು.

ಮುಂದಿನ ವರ್ಷ ತಂಡಕ್ಕೆ ಬರುವ ತಮ್ಮಂದಿರೇ, ತಂಗಿಯರೇ, ಅಳತೆಯ ವಹಿಯನ್ನು ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇವೆ. ನಮ್ಮ 35ನ್ನು ಹಾಗೇ ನಕಲು ಮಾಡಬೇಡಿ. ನಿಮ್ಮ ಕಾರು ಎಷ್ಟು ಬಿಸಿಯಾಗುತ್ತದೆ ಅಂತ ಮೊದಲು ಕೇಳಿಕೊಳ್ಳಿ.