ಎಲೆ ಅಡಿಕೆ ಬೀದಿಯ ರಾಜಧಾನಿ

ಬಂಡ್ರಿಯಿಂದ ಹೊರಟಾಗ ನನಗೆ ನೋಡಬೇಕಿದ್ದದ್ದು ಹಂಪಿಯ ಗುಡಿಗಳನ್ನಲ್ಲ, ಅಲ್ಲಿದ್ದ ವಿಜಯನಗರ ರಾಜಧಾನಿಯ ಪೇಟೆಯನ್ನು. ಸಂಡೂರು ದಾಟುತ್ತಲೇ ಅದಿರಿನ ಕೆಂಪು ಧೂಳು ರಸ್ತೆಬದಿಯ ಎಲೆಗಳ ಮೇಲೆ ಕೂತಿರುತ್ತದೆ. ಹೊಸಪೇಟೆಯಿಂದ ಕಮಲಾಪುರದ ಕಡೆ ತಿರುಗಿದರೆ ಬಾಳೆಯ ಹಸಿರು, ಅದರಾಚೆ ಒಂದರ ಮೇಲೊಂದು ಕೂತ ಬಂಡೆಗಳು.

ಹಜಾರ ರಾಮನ ಗುಡಿಯ ಮುಂದಿನಿಂದ ಒಂದು ಬೀದಿ ಹೊರಡುತ್ತದೆ. ಜನ ಅದನ್ನು ಪಾನ್ ಸುಪಾರಿ ಬಜಾರ ಎನ್ನುತ್ತಾರೆ. ಇದು ಗೈಡುಗಳು ಕಟ್ಟಿದ ಹೆಸರಲ್ಲ. ಆ ಬೀದಿಯಲ್ಲಿ ಪಾರ್ಶ್ವನಾಥನ ಬಸದಿಯನ್ನು ಎರಡನೇ ದೇವರಾಯ 1426ರಲ್ಲಿ ಕಟ್ಟಿಸಿದ. ಅಲ್ಲಿನ ಶಾಸನವೇ ಇದನ್ನು ಎಲೆ ಅಡಿಕೆ ಮಾರುವ ಬೀದಿ ಎಂದು ಕರೆಯುತ್ತದೆ. ಅರಮನೆಯ ಮಗ್ಗುಲಲ್ಲೇ ವೀಳ್ಯದ ಅಂಗಡಿ! 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನಿಗೆ ವೀಳ್ಯವೂ ಬೆರಗು, ಪೇಟೆಯ ತುಂಬ ಮಾರುತ್ತಿದ್ದ ಗುಲಾಬಿಯೂ ಬೆರಗು. ಇಲ್ಲಿಯ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂಬರ್ಥದಲ್ಲಿ ಅವನು ಬರೆದಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪೇಸ್, ದಿನವೂ ಸಂಜೆ ಕೂಡುವ ಸಂತೆಯನ್ನು, ಅಲ್ಲಿನ ಕುದುರೆಗಳನ್ನು, ನಿಂಬೆ, ಕಿತ್ತಳೆ, ದ್ರಾಕ್ಷಿಗಳನ್ನು ಹೆಸರಿಸಿ ಬರೆದ. ಅರಸನ ವೈಭವಕ್ಕಿಂತ ಈ ಪಟ್ಟಿಯೇ ನನಗೆ ಊರನ್ನು ಹತ್ತಿರ ತಂದಿತು.

ಹಂಪಿಯಂಥದೇ ಬಂಡೆಗಳ ಇನ್ನೊಂದು ಹಳೆಯ ರಾಜಧಾನಿ ಆಫ್ರಿಕಾದಲ್ಲಿದೆ. ಗ್ರೇಟ್ ಜಿಂಬಾಬ್ವೆಯ ಗೋಡೆಗಳೂ ಗಾರೆಯಿಲ್ಲದೆ ಪೇರಿಸಿದ ಕಲ್ಲಿನವು. ಹಂಪಿಯೂ ಅದೂ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಒಂದೇ ವರ್ಷ, 1986ರಲ್ಲಿ. ಎರಡೂ ಕಡೆ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಭಾರತದ ಗಾಜಿನ ಮಣಿಗಳೂ ಸಮುದ್ರ ದಾಟಿ ಅಲ್ಲಿಗೆ ಹೋಗಿವೆ. ಜಿಂಬಾಬ್ವೆಯ ಇಂದಿನ ರಾಜಧಾನಿ ಹರಾರೆಯ ಬಳಿ, ಎಪ್‌ವರ್ತ್‌ನಲ್ಲಿ, ನಮ್ಮ ಹೇಮಕೂಟದ ಸುತ್ತ ಕಾಣುವಂತೆಯೇ ತೂಗಿ ನಿಂತ ಬಂಡೆಗಳಿವೆ. ಆ ದೇಶದ ನೋಟಿನ ಮೇಲೂ ಅವುಗಳ ಚಿತ್ರ ಬಂದಿದೆ. ಬಂಡ್ರಿಯಿಂದ ಅಷ್ಟು ದೂರ ಹೋಗಲಾಗದವರು ಇಲ್ಲಿ ನಿಂತೂ ಗ್ರೇಟ್ ಜಿಂಬಾಬ್ವೆಯನ್ನು ಒಂದಿಷ್ಟು ಊಹಿಸಿಕೊಳ್ಳಬಹುದು.

ಹಂಪಿಯ ವಿರೂಪಾಕ್ಷನ ಗುಡಿಯ ಮುಂದಿನ ಬಜಾರ ನೋಡಿ ಮನಸ್ಸು ಭಾರವಾಯಿತು. ಆ ಸಾಲುಮಂಟಪಗಳಲ್ಲಿ ಜನ ಮನೆ ಮಾಡಿ, ಅಂಗಡಿ ಇಟ್ಟು, ಮಕ್ಕಳನ್ನು ಬೆಳೆಸಿದ್ದರು. 2011ರಲ್ಲಿ ಅವರನ್ನು ತೆರವುಗೊಳಿಸಿ ಕಡ್ಡಿರಾಂಪುರದ ಕಡೆ ಜಾಗ ತೋರಿಸಲಾಯಿತು. ಕಂಬಗಳು ಈಗ ಒಪ್ಪವಾಗಿ ಕಾಣುತ್ತವೆ, ನಿಜ. ಆದರೆ ಬಜಾರ ಎಂಬ ಮಾತಿಗೆ ಬೇಕಾದ ಕೂಗು, ಹೊಗೆ, ಚೌಕಾಸಿ ಅಲ್ಲಿಲ್ಲ. ಕಲ್ಲಿನಷ್ಟೇ ಅವನ್ನೂ ಕಾಪಾಡಬೇಕಿತ್ತು ಎಂದು ನನಗನ್ನಿಸುತ್ತದೆ.

ಹಳೆಯ ರಾಜಧಾನಿಯ ಬದುಕು ಪೂರ್ತಿ ನಿಂತಿಲ್ಲ. ಅದನ್ನು ಕಾಲುವೆಯ ದಂಡೆಯಲ್ಲಿ ನೋಡಬೇಕು. ವಿಜಯನಗರದವರು ತೋಡಿಸಿದ ತುರ್ತು ಕಾಲುವೆ ಇವತ್ತೂ ಗುಡಿಗಳ ನಡುವೆ ಹಾದು ಬಾಳೆ, ಭತ್ತದ ಗದ್ದೆಗಳಿಗೆ ನೀರುಣಿಸುತ್ತಿದೆ. 1565ರ ಯುದ್ಧದ ನಂತರ ಅರಮನೆ ಹಾಳಾದರೂ ಈ ನೀರು ಹರಿಯುತ್ತಲೇ ಬಂದಿದೆ.

ಹೊತ್ತು ಇಳಿಯುವಾಗ ಹಿರಿಯ ರೈತರೊಬ್ಬರು ಸಲಿಕೆ ಹೆಗಲಿಗೇರಿಸಿ ಬದುವಿನ ಮೇಲೆ ಬಂದರು. ನೀರು ಯಾವಾಗ ಬರುತ್ತೆ ಅಜ್ಜಾರೆ ಎಂದೆ.

"ಬಂದೈತಲ್ರೀ. ಇವತ್ತು ನಮ್ಮ ಪಾಳಿ."

ಅವರು ಮಣ್ಣಿನ ಕಟ್ಟೆ ಒಡೆದು ನೀರನ್ನು ಬಾಳೆಯ ಸಾಲಿಗೆ ತಿರುಗಿಸಿದರು. ಅದು ತೋಟದ ಆ ಕೊನೆ ಮುಟ್ಟುವವರೆಗೆ ಇಬ್ಬರೂ ನಿಂತು ನೋಡಿದೆವು.